ಡಬ್ಬದೊಳಗೆ ಮುಚ್ಚಿಟ್ಟರೂ ಯುವಿ ಸೆನ್ಸರ್ 1 ವೋಲ್ಟ್ ತೋರಿಸ್ತಿದೆ, ಗಾಜಿನ ಹಿಂದೆನೂ ಅರ್ಧ ರೀಡಿಂಗ್ ಬರ್ತಿದೆ, 9ನೇ ಕ್ಲಾಸಿನ ಪ್ರಯೋಗಕ್ಕೆ ಸಹಾಯ ಬೇಕು

ಚಳ್ಳಕೆರೆ ಮಿಸ್

ಎಲ್ಲರಿಗೂ ನಮಸ್ಕಾರ. ಮೊದಲನೇ ಸಲ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಚಳ್ಳಕೆರೆ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತೀನಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಈ ಸಲ ಚಾರ್ಟ್ ಬರೆಸಿ ಗೋಡೆಗೆ ಅಂಟಿಸೋದು ಬೇಡ, ಮಕ್ಕಳ ಕೈಯಲ್ಲೇ ಏನಾದ್ರೂ ಅಳತೆ ಮಾಡಿಸೋಣ ಅಂದ್ಕೊಂಡೆ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲ, ಅದನ್ನೇ ಅಳೆಯೋಣ ಅಂತ ಎಂಎಲ್8511 ಅನ್ನೋ ಯುವಿ (ಬಿಸಿಲಲ್ಲಿರೋ, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು) ಸೆನ್ಸರ್ ಎರಡು ತರಿಸಿದೆ, ಅದರ ರೀಡಿಂಗ್ ಓದೋಕೆ ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಹಳೇವು ಎರಡು ಇದ್ವು. ನೆಟ್ಟಲ್ಲಿ ಸಿಕ್ಕ ಕೋಡ್ ಹಾಕಿದ್ವಿ, ಬಿಸಿಲಿಗೆ ಹಿಡಿದ ತಕ್ಷಣ ನಂಬರ್ ಏರ್ತು, ಮಕ್ಕಳು ಕುಣಿದಾಡಿಬಿಟ್ರು. ಆಮೇಲೆ ಶುರುವಾಯ್ತು ನೋಡಿ ಪ್ರಶ್ನೆಗಳು, ನನಗೇ ಉತ್ತರ ಗೊತ್ತಿಲ್ಲ.

ಮೊದಲನೇದು, ಚಪ್ಪಲಿ ಡಬ್ಬದೊಳಗೆ ಇಟ್ಟು ಮೇಲೆ ಕರಿ ಬಟ್ಟೆ ಮುಚ್ಚಿದ್ರೂ ಹತ್ತತ್ರ 1 ವೋಲ್ಟ್ ಬರುತ್ತೆ, ಸೊನ್ನೆ ಆಗೋದೇ ಇಲ್ಲ. ಒಬ್ಬ ಹುಡುಗ "ಮಿಸ್, ಹಂಗಾದ್ರೆ ಕತ್ತಲಲ್ಲೂ ಯುವಿ ಇರುತ್ತಾ" ಅಂದ. ಅದರ ಮೇಲೆ ಎರಡು ಗುಂಪಿನ ರೀಡಿಂಗ್ ಬೇರೆ ಬೇರೆ: ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದು ಕತ್ತಲಲ್ಲಿ ಅರ್ಧ ಮಿಲಿವ್ಯಾಟ್ ಅನ್ನುತ್ತೆ, ಎಲ್‌ಸಿಡಿ ಹಾಕಿ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದ್ದು ಮೈನಸ್ ತೋರಿಸುತ್ತೆ. ಮೈನಸ್ ಬೆಳಕು ಅಂದ್ರೇನು ಅಂತ ಹೇಗೆ ಹೇಳ್ಲಿ?

ಎರಡನೇದು, ಅಂಗಡೀಲಿ ನೋಟು ನೋಡೋ ನೀಲಿ ಟಾರ್ಚ್ ತಂದು ಸೆನ್ಸರ್ ಮೇಲೆ ಬಿಟ್ರೆ ರೀಡಿಂಗ್ ಅಲ್ಲಾಡೋದೇ ಇಲ್ಲ. ಅದೇ ಟಾರ್ಚಲ್ಲಿ 500ರ ನೋಟಿನ ನಂಬರ್ ಮಾತ್ರ ಚೆನ್ನಾಗಿ ಹೊಳೆಯುತ್ತೆ.

ಮೂರನೇದೇ ದೊಡ್ಡ ತಲೆನೋವು. ಗಾಜು ಯುವಿ ತಡೆಯುತ್ತೆ ಅಂತ ನಾನೇ ಬೋರ್ಡ್ ಮೇಲೆ ಬರೆಸಿದೀನಿ. ಸ್ಟಾಫ್ ರೂಮ್ ಕಿಟಕಿ ಗಾಜು ಮುಚ್ಚಿ ಅದರ ಹಿಂದೆ ಬಿಸಿಲಿಗಿಟ್ರೆ ಅರ್ಧಕ್ಕಿಂತ ಜಾಸ್ತಿನೇ ಬರ್ತಿದೆ. ಸನ್‌ಸ್ಕ್ರೀನ್ ಟೆಸ್ಟೂ ಮಾಡೋಣ ಅಂತ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಹಚ್ಚಿ ನೋಡಿದ್ವಿ, ಎಸ್‌ಪಿಎಫ್ 15ಕ್ಕೂ 50ಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಸೆನ್ಸರೇ ಕೆಟ್ಟಿದೆಯಾ? ಇನ್ನು ಹತ್ತು ದಿನ ಇದೆ ಅಷ್ಟೇ.

ಬೆಸುಗೆ ಕಡ್ಡಿ

ಮೇಡಂ, ಸೆನ್ಸರ್ ಕೆಟ್ಟಿಲ್ಲ, ಗಾಬರಿ ಆಗ್ಬೇಡಿ. ವೋಲ್ಟ್ ವಿಚಾರ ನಾನು ಹೇಳ್ತೀನಿ, ಗಾಜಿನ ವಿಚಾರ ಬೇರೆ ಯಾರಾದ್ರೂ ಹೇಳ್ಲಿ.

ಎಂಎಲ್8511 ಮಾಡಿರೋದೇ ಹಾಗೆ. ಒಳಗಿನ ಆಂಪ್ಲಿಫೈಯರ್ ಯುವಿ ಏನೂ ಇಲ್ಲದಿದ್ರೂ ಸುಮಾರು 1 ವೋಲ್ಟ್ ಕೊಡುತ್ತೆ, ಚದರ ಸೆಂಟಿಮೀಟರಿಗೆ 15 ಮಿಲಿವ್ಯಾಟ್ ಬಿದ್ದಾಗ 2.8 ವೋಲ್ಟ್ ಹತ್ರ ಹೋಗುತ್ತೆ. ಅಂದ್ರೆ ಒಂದು ಮಿಲಿವ್ಯಾಟಿಗೆ ಬರೀ 0.12 ವೋಲ್ಟ್ ಏರಿಕೆ. ಮಕ್ಕಳಿಗೆ ಡೈರಿ ಉದಾಹರಣೆ ಕೊಡಿ, ಹಾಲು ಕ್ಯಾನ್ ಸಮೇತ ತೂಗ್ತಾರೆ, ಆಮೇಲೆ ಖಾಲಿ ಕ್ಯಾನಿನ ತೂಕ ಕಳೀತಾರೆ ಅಲ್ವಾ, ಆ 1 ವೋಲ್ಟ್ ಖಾಲಿ ಕ್ಯಾನ್ ಇದ್ದಂಗೆ. ಹಾಗಾಗಿ ಕೋಡಲ್ಲಿ ಬರೆದಿರೋ 0.99 ನಂಬ್ಕೋಬೇಡಿ, ಪ್ರತಿ ಸಲ ಪ್ರಯೋಗಕ್ಕೆ ಮುಂಚೆ ಡಬ್ಬ ಮುಚ್ಚಿ ನಿಮ್ಮ ಸೆನ್ಸರಿನ ಕತ್ತಲೆ ರೀಡಿಂಗ್ ಬರ್ಕೊಂಡು ಅದನ್ನೇ ಕಳೀರಿ.

ಈಗ ಎರಡು ಗುಂಪಿನ ಜಗಳ. ಊನೋ ತನ್ನ 5 ವೋಲ್ಟನ್ನೇ ಅಳತೆಗೋಲು ಮಾಡ್ಕೊಂಡು ಅದನ್ನ 1024 ಭಾಗ ಮಾಡಿ ಎಣಿಸುತ್ತೆ. ಆ 5 ವೋಲ್ಟ್ ನಿಜವಾಗ್ಲೂ 5 ಇರಲ್ಲ. ಲ್ಯಾಪ್‌ಟಾಪಿನ ಯುಎಸ್‌ಬಿ 4.7 ಕೊಡ್ತಿದ್ರೆ, ಸೆನ್ಸರ್ 0.99 ಕೊಟ್ಟಿದ್ದು ನಿಮ್ಮ ಕೋಡಿಗೆ 1.05 ಆಗಿ ಕಾಣುತ್ತೆ, ಅಷ್ಟಕ್ಕೇ ಕತ್ತಲಲ್ಲಿ ಅರ್ಧ ಮಿಲಿವ್ಯಾಟ್ ಬಂದುಬಿಡುತ್ತೆ. ಚಾರ್ಜರ್ 5.1 ಕೊಡ್ತಿದ್ರೆ 0.97 ಆಗಿ ಕಾಣುತ್ತೆ, ಮೈನಸ್ ಹೋಗುತ್ತೆ. ನೀವು ಹೇಳಿದ ಎರಡೂ ಲೆಕ್ಕ ಹೀಗೇ ಹೊಂದುತ್ತೆ. ಮೊಳ ಹಾಕೋರ ಕೈ ಉದ್ದ ಬೇರೆ ಬೇರೆ ಆದ್ರೆ ಹೂವು ಹೆಚ್ಚುಕಮ್ಮಿ ಆಗುತ್ತಲ್ಲ, ಅದೇ.

ಪರಿಹಾರ ಸುಲಭ. ಬೋರ್ಡಿನ 3.3 ವೋಲ್ಟ್ ಪಿನ್ನಿಂದ ಒಂದು ಜಂಪರ್ ವೈರ್ ಎ1 ಪಿನ್ನಿಗೆ ಹಾಕಿ. ಪ್ರತಿ ಸಲ ಎ0 (ಸೆನ್ಸರಿನ ಔಟ್‌ಪುಟ್ ಸಿಕ್ಕಿಸಿರೋ ಪಿನ್) ಮತ್ತು ಎ1 ಎರಡನ್ನೂ ಓದಿ, ಎ0 ನಂಬರನ್ನ ಎ1 ನಂಬರಿಂದ ಭಾಗಿಸಿ 3.3ರಿಂದ ಗುಣಿಸಿ. 3.3 ರೆಗ್ಯುಲೇಟರ್ ಗಟ್ಟಿ ಇರುತ್ತೆ, 5 ವೋಲ್ಟ್ ಎಷ್ಟೇ ಆಡಿದ್ರೂ ಲೆಕ್ಕ ಕೆಡಲ್ಲ. ಸೆನ್ಸರಿಗೂ 3.3ನೇ ಕೊಡಿ, ಅದನ್ನ ಆನ್ ಮಾಡೋ ಇಎನ್ ಪಿನ್ನೂ 3.3ಕ್ಕೇ. ಇನ್ನೊಂದು, ಊನೋದ ಒಂದು ಮೆಟ್ಟಿಲು ಅಂದ್ರೆ 4.9 ಮಿಲಿವೋಲ್ಟ್, ಅದು 0.04 ಮಿಲಿವ್ಯಾಟಿಗೆ ಸಮ, ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ಮಕ್ಕಳು ಕಿತ್ತಾಡೋದು ಬೇಡ. ಎಂಟು ಹತ್ತು ರೀಡಿಂಗ್ ತಗೊಂಡು ಸರಾಸರಿ ಮಾಡಿ.

ಹುಬ್ಬಳ್ಳಿ ಮಂದಿ

ಅಕ್ಕಾರ, ಟಾರ್ಚಿಂದು ನಾ ಹೇಳ್ತೀನಿ. ಆ ನೋಟ್ ನೋಡೂ ಟಾರ್ಚ್ ಐತಲ್ರಿ, ಅದು ಬಹುತೇಕ 395 ನ್ಯಾನೋಮೀಟರ್ ತರಂಗಾಂತರದ್ದು ಇರ್ತೈತಿ. ನಿಮ್ಮ ಸೆನ್ಸರ್ ನೋಡೂದು 280ರಿಂದ 390 ಮಟ, ಅದೂ 365ರ ಹತ್ರ ಛಲೋ ನೋಡ್ತೈತಿ, ತುದೀಗೆ ಹೋದಂಗ ಕಣ್ಣ ಮಂಜ ಆಗ್ತಾವು ಅನ್ರಿ. ಟಾರ್ಚ್ ಬೆಳಕ ಅದರ ಬಾಗಲದ ಹೊರಗ ನಿಂತಂಗ ಆತು. ನೋಟಿನ ಮಸಿಗೆ ಮಾತ್ರ 395 ಸಾಕು, ಅದಕ್ಕ ಹೊಳೀತದ. ನಿಮ್ಮ ಕಣ್ಣಿಗೆ ಆ ನೀಲಿ ನೇರಳೆ ಬಣ್ಣ ಕಾಣಾಕತ್ತೈತಿ ಅಂದ್ರ ಅದು ಯುವಿ ಅಂಚಿನಾಗ ಐತಿ ಅಂತನ ತಿಳೀರಿ. 365ರ ಟಾರ್ಚ್ ಬ್ಯಾರೆ ಸಿಗ್ತಾವು, ಅದನ್ನ ತರ್ರಿ, ಆದ್ರ ಹುಡುಗ್ರು ಅದರಾಗ ಇಣುಕಿ ನೋಡದಂಗ ಕಾಯ್ರಿ, ಬೆಳಕ ಕಾಣಂಗಿಲ್ಲ ಅಂದ್ರ ಕಣ್ಣೂ ತಾನಾಗಿ ಮುಚ್ಚಂಗಿಲ್ಲ.

ಮತ್ತ ದುಡ್ಡ ಇದ್ರ ಎಸ್‌ಐ1145 ಅನ್ನೂ ಸೆನ್ಸರ್ ತಗೋರಿ, ಅದು ಸೀದಾ ಯುವಿ ಇಂಡೆಕ್ಸ್ ಕೊಡ್ತೈತಿ, ಲೆಕ್ಕದ ರಗಳೆನ ಇಲ್ಲ.

ಲೆಕ್ಚರರ್ ಪುತ್ತೂರು

ಟಾರ್ಚಿನ ಮಾತು ಸರಿ ಉಂಟು, ಆದ್ರೆ ಎಸ್‌ಐ1145 ಮಾತ್ರ ಈ ಪ್ರಯೋಗಕ್ಕೆ ಬೇಡ. ಅದರಲ್ಲಿ ಯುವಿ ನೋಡುವ ಡಯೋಡೇ ಇಲ್ಲ. ಕಣ್ಣಿಗೆ ಕಾಣುವ ಬೆಳಕು ಮತ್ತು ಇನ್‌ಫ್ರಾರೆಡ್ ಎರಡನ್ನು ಅಳೆದು, ಬಯಲಿನ ಬಿಸಿಲಿನಲ್ಲಿ ಯುವಿ ಇಷ್ಟು ಇರಬಹುದು ಅಂತ ಅಂದಾಜು ಮಾಡಿ ಕೊಡ್ತದೆ. ಗಾಜು ಅಡ್ಡ ಹಿಡಿದ್ರೆ, ಸನ್‌ಸ್ಕ್ರೀನ್ ಹಚ್ಚಿದ್ರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮಕ್ಕಳ ಕೈಗೆ ಕೊಡುವ ಸೆನ್ಸರ್ ನಿಜವಾಗಿ ಆ ಬೆಳಕನ್ನೇ ನೋಡಬೇಕು. ಮುಂದೆ ಯಾವಾಗಾದ್ರೂ ಹೊಸತು ತಗೊಳ್ಳುವುದಾದ್ರೆ ಎಲ್‌ಟಿಆರ್390 ನೋಡಿ, ಯುವಿಗೊಂದು, ಮಾಮೂಲು ಬೆಳಕಿಗೊಂದು ಅಂತ ಎರಡು ಕಣ್ಣು ಒಂದೇ ಚಿಪ್ಪಿನಲ್ಲಿ ಉಂಟು. ಈಗ ಇರುವುದೇ ಧಾರಾಳ ಸಾಕು.

ಮೇಡಂ, ನಿಮ್ಮ ಗಾಜಿನ ರೀಡಿಂಗ್ ತಪ್ಪಲ್ಲ, ಬೋರ್ಡಿನ ಮೇಲೆ ಬರೆಸಿದ ವಾಕ್ಯ ಅರ್ಧ ಅಷ್ಟೇ. ಯುವಿ ಅಂತ ಒಂದೇ ಹೆಸರಲ್ಲಿ ಮೂರು ಕೂತಿವೆ. 315ರಿಂದ 400 ನ್ಯಾನೋಮೀಟರ್ ಎ, 280ರಿಂದ 315 ಬಿ, ಅದರ ಕೆಳಗೆ ಸಿ. ಸೂರ್ಯನ ಸಿ ಎಲ್ಲ ಮೇಲೆಯೇ ವಾತಾವರಣ ಹೀರಿಕೊಳ್ತದೆ, ಬಿಯಲ್ಲೂ ಬಹುಪಾಲು ಓಜೋನಿಗೆ ಹೋಗ್ತದೆ, ನೆಲಕ್ಕೆ ಬರುವ ಯುವಿಯಲ್ಲಿ ಸುಮಾರು 95 ಭಾಗ ಎ. ಕಿಟಕಿ ಗಾಜು ತಡೆಯುವುದು ಬಿಯನ್ನು, ಎಯಲ್ಲಿ ಹೆಚ್ಚಿನಂಶ ಒಳಗೆ ಬಿಡ್ತದೆ. ನಿಮ್ಮ ಸೆನ್ಸರ್ ನೋಡುತ್ತಿರುವುದು ಮುಖ್ಯವಾಗಿ ಎ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಬಂದೇ ಬರ್ತದೆ. ಮುಚ್ಚಿದ ಕಿಟಕಿ ಹಿಂದೆ ಬಿಸಿಲು ಕಾಯಿಸಿದ್ರೆ ಮೈಯಲ್ಲಿ ವಿಟಮಿನ್ ಡಿ ಆಗುವುದಿಲ್ಲ, ಅದಕ್ಕೆ ಬೇಕಾದದ್ದು ಬಿ, ಆದ್ರೆ ಕಿಟಕಿ ಪರದೆ ಮಾತ್ರ ಬಣ್ಣ ಕಳೆದುಕೊಳ್ತದೆ. ಮಕ್ಕಳಿಗೆ ಇದನ್ನ ಹೇಳಿ. ಕಾರಿನ ಮುಂದಿನ ಗಾಜು ಸಿಕ್ಕಿದ್ರೆ ಅದರ ಹಿಂದೆಯೂ ಹಿಡಿದು ನೋಡಿ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಎಯನ್ನೂ ಹೆಚ್ಚುಕಮ್ಮಿ ಪೂರ್ತಿ ನುಂಗ್ತದೆ. ಹೆಡ್‌ಮಾಸ್ಟರ ಕಾರಿದ್ರೆ ಕೇಳಿ.

ಸನ್‌ಸ್ಕ್ರೀನಿನದ್ದೂ ಇದೇ ಕತೆ. ಎಸ್‌ಪಿಎಫ್ ಅನ್ನುವುದು ಚರ್ಮ ಕೆಂಪಾಗುವ ಲೆಕ್ಕ, ಅದು ಮುಖ್ಯವಾಗಿ ಬಿಯ ಲೆಕ್ಕ. ಅದರಲ್ಲೂ 15 ಸುಮಾರು 93 ಭಾಗ ತಡೆದ್ರೆ 50 ತಡೆಯುವುದು 98, ವ್ಯತ್ಯಾಸವೇ ಸಣ್ಣದು. ಮೇಲಿಂದ ಓಎಚ್‌ಪಿ ಶೀಟ್ ತಾನೇ ಬಿಯನ್ನು ತಡೆದಿಟ್ಟಿರ್ತದೆ, ಸನ್‌ಸ್ಕ್ರೀನಿಗೆ ಕೆಲಸ ಎಲ್ಲಿ ಉಳೀತು? ಅಡುಗೆಮನೆಯಲ್ಲಿ ಬಟ್ಟಲು ಮುಚ್ಚುವ ತೆಳು ಪ್ಲಾಸ್ಟಿಕ್ ಫಿಲ್ಮ್ ಬಳಸಿ. ಹಚ್ಚುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ, 5 ಗುಣಿಸು 5ರ ಚೌಕಕ್ಕೆ 50 ಮಿಲಿಗ್ರಾಂ. ಹಾಗೆ ಮಾಡಿದ್ರೂ ಈ ಸೆನ್ಸರಿನಿಂದ ಎಸ್‌ಪಿಎಫ್ ನಂಬರ್ ಸಿಗುವುದಿಲ್ಲ, ಎಯನ್ನು ಎಷ್ಟು ತಡೀತದೆ ಅಂತ ಮಾತ್ರ ಗೊತ್ತಾಗ್ತದೆ. ಯಾವ ಕಂಪನಿದು ಒಳ್ಳೇದು ಅಂತ ಚಾರ್ಟಿನಲ್ಲಿ ಬರೆಸಬೇಡಿ.

ಇನ್ನೊಂದು ಎಚ್ಚರಿಕೆ. ನೆಟ್ಟಿನ ಕೆಲವು ಕೋಡುಗಳು ಮಿಲಿವ್ಯಾಟ್ ನಂಬರನ್ನೇ ಯುವಿ ಇಂಡೆಕ್ಸ್ ಅಂತ ತೋರಿಸ್ತವೆ. ಇಂಡೆಕ್ಸ್ ಬೇರೆಯೇ ಲೆಕ್ಕ. ಚರ್ಮಕ್ಕೆ ಎಷ್ಟು ಪೆಟ್ಟು ಅಂತ ಒಂದೊಂದು ತರಂಗಾಂತರಕ್ಕೂ ತೂಕ ಕೊಟ್ಟು ಕೂಡಿಸ್ತಾರೆ, 298ರ ಬೆಳಕಿಗೆ 1 ಕೊಟ್ರೆ ನಿಮ್ಮ ಸೆನ್ಸರ್ ಚೆನ್ನಾಗಿ ನೋಡುವ 365ರ ಬೆಳಕಿಗೆ ಸಿಗುವುದು ಸುಮಾರು 2,400ರಲ್ಲಿ ಒಂದು ಪಾಲು. ಹಾಗೆ ಕೂಡಿಸಿದಾಗ ಚದರ ಮೀಟರಿಗೆ 25 ಮಿಲಿವ್ಯಾಟ್ ಬಂದ್ರೆ ಇಂಡೆಕ್ಸ್ 1. ಕೆಲವೊಮ್ಮೆ ಎರಡು ನಂಬರ್ ಹತ್ರ ಹತ್ರ ಬರುವುದು ಕಾಕತಾಳೀಯ ಮಾತ್ರ. ನಿಮ್ಮ ಕೆಲಸಕ್ಕೆ ಬಯಲಿನ ರೀಡಿಂಗನ್ನು 100 ಅಂತ ಇಟ್ಟುಕೊಂಡು ಉಳಿದದ್ದೆಲ್ಲ ಅದರಲ್ಲಿ ಎಷ್ಟು ಪಾಲು ಅಂತ ಹೇಳಿ, ಅದರಲ್ಲಿ ಯಾರೂ ತಪ್ಪು ಹುಡುಕಲಿಕ್ಕೆ ಆಗುವುದಿಲ್ಲ.

ಚಳ್ಳಕೆರೆ ಮಿಸ್

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಎ1 ವೈರ್ ಹಾಕಿದ ಮೇಲೆ ಎರಡೂ ಗುಂಪು ಸರಿಹೋಯ್ತು. ಬೋರ್ಡ್ ಮೇಲಿನ ವಾಕ್ಯ ಇವತ್ತೇ ತಿದ್ದಿಸಿದೆ, "ಕಿಟಕಿ ಗಾಜು ಯುವಿ-ಬಿ ತಡೆಯುತ್ತದೆ, ಯುವಿ-ಎ ಬಹಳಷ್ಟು ಒಳಗೆ ಬಿಡುತ್ತದೆ". ಗಾಜಿಂದು ಆಯ್ತು, ಸನ್‌ಸ್ಕ್ರೀನ್ ಬಿಟ್ಬಿಡ್ತೀನಿ. ಇದರ ಬದಲು ವಿಜ್ಞಾನ ದಿನಕ್ಕೆ ತಕ್ಕ ಹಾಗೆ ಮಕ್ಕಳು ಆಶ್ಚರ್ಯ ಪಡೋ ಅಂಥದ್ದು ಇನ್ನೊಂದು ಏನಾದ್ರೂ ಇದೆಯಾ? ಮನೇಲಿ ಹಾಳಾದ ವಾಟರ್ ಫಿಲ್ಟರ್ ಇದೆ, ಅದರೊಳಗಿನ ಯುವಿ ಲ್ಯಾಂಪ್ ತಂದು ತೋರಿಸ್ತೀನಿ ಅಂತ ಒಬ್ಬ ಹೇಳ್ತಿದಾನೆ.

ಬೆಸುಗೆ ಕಡ್ಡಿ

ಮೇಡಂ, ಆ ಲ್ಯಾಂಪ್ ಖಂಡಿತಾ ಬೇಡ, ಇವತ್ತೇ ಆ ಹುಡುಗನ ಮನೇಗೆ ಫೋನ್ ಮಾಡಿ ಹೇಳಿ. ಅದು 254 ನ್ಯಾನೋಮೀಟರಿಂದು, ಯುವಿ-ಸಿ, ಬ್ಯಾಕ್ಟೀರಿಯಾ ಕೊಲ್ಲೋಕೆ ಇರೋದು. ಸ್ವಲ್ಪ ಹೊತ್ತು ನೋಡಿದ್ರೂ ಸಾಕು, ಆಗ ಏನೂ ಅನ್ಸಲ್ಲ, ಕೆಲವು ಗಂಟೆ ಆದ್ಮೇಲೆ ಕಣ್ಣಲ್ಲಿ ಮರಳು ಬಿದ್ದಂಗೆ ಉರಿ ಶುರುವಾಗುತ್ತೆ, ವೆಲ್ಡಿಂಗ್ ಮಾಡೋರಿಗೆ ಆಗುತ್ತಲ್ಲ, ಅದೇ ತೊಂದ್ರೆ. ನಿಮ್ಮ ಸೆನ್ಸರಿಗೆ ಆ ಬೆಳಕು ಕಾಣೋದೂ ಇಲ್ಲ, ಅದು ಕಮ್ಮಿ ತೋರಿಸ್ತಿದೆ ಅಂತ ಮಕ್ಕಳು ಅಪಾಯ ಇಲ್ಲ ಅಂದ್ಕೋತಾರೆ, ಅದೇ ದೊಡ್ಡ ಅಪಾಯ.

ಮಲ್ಲಪ್ಪ ಮೇಷ್ಟ್ರ ಶಿಷ್ಯ

ನಾನೂ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರೇ ಮೇಡಂ. ನೆರಳಿನ ಪ್ರಯೋಗ ಮಾಡ್ಸಿ. ಎರಡು ವರ್ಷದಿಂದ ಮಾಡಿಸ್ತಿದೀನಿ, ನನಗೆ ಇದಕ್ಕಿಂತ ಇಷ್ಟವಾದ್ದು ಬೇರೆ ಇಲ್ಲ.

ಸೆನ್ಸರ್ ಪಕ್ಕದಲ್ಲೇ ಒಂದು ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಇಳಿಯೋ ಪುಟ್ಟ ಬಿಡಿಭಾಗ) ಕೂರಿಸಿ, ಇಲ್ಲಾಂದ್ರೆ ಮೊಬೈಲಲ್ಲಿ ಲಕ್ಸ್ ಮೀಟರ್ ಆಪ್ ಹಾಕ್ಕೊಳಿ, ಅಂದ್ರೆ ಕಣ್ಣಿಗೆ ಕಾಣೋ ಬೆಳಕಿಗೊಂದು, ಯುವಿಗೊಂದು. ಬಯಲಲ್ಲಿ ಎರಡರದ್ದೂ ರೀಡಿಂಗ್ ಬರ್ಕೊಳಿ. ಆಮೇಲೆ ಸ್ಕೂಲ್ ಕಟ್ಟಡದ ನೆರಳಿಗೆ ಬನ್ನಿ, ಮೇಲೆ ನೀಲಿ ಆಕಾಶ ಅಗಲವಾಗಿ ಕಾಣೋ ಜಾಗ ಆಗಿರ್ಬೇಕು. ನೆರಳಿಗೆ ಬಂದ ತಕ್ಷಣ ನಮ್ಮ ಕಣ್ಣಿಗೆ, ಮೈಗೆ ಎಲ್ಲಾ ತಂಪು, ಲಕ್ಸ್ ರೀಡಿಂಗ್ ದಬಕ್ಕಂತ ಬೀಳುತ್ತೆ, ಆದ್ರೆ ಯುವಿ ಅಷ್ಟು ಬೀಳಲ್ಲ, ನಮ್ಮಲ್ಲಿ ಬೆಳಕು ಬಯಲಿನ ಏಳರಲ್ಲಿ ಒಂದು ಪಾಲಿಗೆ ಇಳಿದಾಗ್ಲೂ ಯುವಿ ಮೂರರಲ್ಲಿ ಒಂದು ಪಾಲು ಇನ್ನೂ ಅಲ್ಲೇ ಇತ್ತು. ಮಕ್ಕಳು ನಂಬ್ಲಿಲ್ಲ, ಸೆನ್ಸರ್ ಒರೆಸಿ ಮತ್ತೆ ಇಟ್ರು, ಬಯಲಿಗೆ ಓಡಿ ಹೋಗಿ ಮತ್ತೆ ಬಂದ್ರು, ಅದೇ ಬಂತು. ಅಲ್ಲಿಂದ ದಟ್ಟ ಹೊಂಗೆ ಮರದ ಕೆಳಗೆ ಹೋದ್ರೆ ಆಗ ಮಾತ್ರ ಯುವಿ ನೆಲಕಚ್ಚಿತು. ಒಂದು ಹುಡುಗಿ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿ "ಸರ್, ಇಲ್ಲಿ ಆಕಾಶ ಕಾಣ್ತಿಲ್ಲ" ಅಂದ್ಳು. ಉತ್ತರ ಅದೇ. ಯುವಿ ಸೂರ್ಯನಿಂದ ನೇರ ಮಾತ್ರ ಬರಲ್ಲ, ಇಡೀ ಆಕಾಶದಿಂದ ಚದುರಿ ಬರುತ್ತೆ. ಗಾಳಿಯ ಕಣ ಬೆಳಕನ್ನ ಚದುರಿಸೋದು ತರಂಗಾಂತರದ ನಾಲ್ಕನೇ ಘಾತದ ವಿಲೋಮದಲ್ಲಿ, ಲೆಕ್ಕ ಹಾಕಿದ್ರೆ 350 ನ್ಯಾನೋಮೀಟರಿನ ಯುವಿ, 550ರ ಹಸಿರಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಚದುರುತ್ತೆ. ಆಕಾಶ ನಮಗೆ ನೀಲಿ, ಸೆನ್ಸರಿಗೆ ಅದಕ್ಕಿಂತ ಜಾಸ್ತಿ ಯುವಿ.

ವಿಜ್ಞಾನ ದಿನಕ್ಕೆ ಇದು ಎಷ್ಟು ಹೊಂದುತ್ತೆ ನೋಡಿ, ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ಕ್ಕೆ ಗುರುತಿಸಿದ್ದೂ ಬೆಳಕು ಚದುರೋ ವಿಚಾರಾನೇ, ಅವರ ಹುಡುಕಾಟ ಶುರುವಾಗಿದ್ದೂ 1921ರಲ್ಲಿ ಹಡಗಿನಿಂದ ಸಮುದ್ರದ ನೀಲಿ ನೋಡಿ.

ಸೆನ್ಸರ್ ಆಕಾಶಕ್ಕೆ ಅಂಗಾತ ಮಲಗಿರ್ಬೇಕು, ಕೈಲಿ ಹಿಡಿದ್ರೆ ವಾಲುತ್ತೆ. ಅದರ ಮೇಲೆ ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಎರಡು ಪದರ ಎಳೆದು ಅಂಟಿಸಿ, ಅದು ಯುವಿ ಬಿಡುತ್ತೆ, ಓರೆಯಾಗಿ ಬರೋ ಬೆಳಕನ್ನೂ ಹದವಾಗಿ ಹರಡುತ್ತೆ. ರೀಡಿಂಗ್ ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೆ ಎಲ್ಲಾ ಜಾಗದಲ್ಲೂ ಅದೇ ಟೇಪ್ ಇರೋದ್ರಿಂದ ಹೋಲಿಕೆ ಕೆಡಲ್ಲ. ಓದೋ ಮಕ್ಕಳು ಬಗ್ಗಿ ನೋಡುವಾಗ ತಲೆ ನೆರಳು ಬೀಳದ ಹಾಗೆ ಉದ್ದ ವೈರ್ ಹಾಕಿ.

ಚಳ್ಳಕೆರೆ ಮಿಸ್

ಮಾಡಿದ್ವಿ! ಬಂದು ಹೇಳ್ಲೇಬೇಕು ಅನ್ನಿಸ್ತು.

ನೆರಳಿನ ಪ್ರಯೋಗ ನೀವು ಹೇಳಿದ ಹಾಗೇ ಬಂತು ಸರ್. ಕಟ್ಟಡದ ನೆರಳು, ಬೇವಿನ ಮರ, ವರಾಂಡದ ಒಳಗೋಡೆ, ಮೂರು ಕಡೆನೂ ಮಕ್ಕಳು ಮೊದಲು "ಎಷ್ಟು ಆಕಾಶ ಕಾಣುತ್ತೆ" ಅಂತ ಕಣ್ಣಂದಾಜಲ್ಲಿ ಬರ್ಕೊಂಡು ಆಮೇಲೆ ರೀಡಿಂಗ್ ತಗೊಂಡ್ರು. ಬೇವಿನ ಎಲೆ ಈಗ ಉದುರಿ ತೆಳ್ಳಗಾಗಿದೆ, ಅದಕ್ಕೆ ಮರದ ಕೆಳಗೂ ಅಂದ್ಕೊಂಡಷ್ಟು ಕಮ್ಮಿ ಆಗ್ಲಿಲ್ಲ, ಅದನ್ನೂ ಅವರೇ ಕಂಡುಹಿಡಿದ್ರು.

ಕುರಿ ಕಾಯೋ ಮನೆಯ ಹುಡುಗ ಒಬ್ಬ ಇದಾನೆ, ಕ್ಲಾಸಲ್ಲಿ ಬಾಯಿ ಬಿಡೋದೇ ಅಪರೂಪ. ಅವನು ಎದ್ದು "ನಮ್ ತಾತ ದಿನಾ ಬಿಸ್ಲಲ್ಲೇ ಇರ್ತದೆ, ತಲೆ ಮೇಲೆ ಕಂಬ್ಳಿ ಹಾಕ್ಕಂತದೆ, ಅದು ತಡೀತದಾ ಮಿಸ್" ಅಂದ. ಮಾರನೇ ದಿನ ತಾತನ ಕರಿ ಕಂಬಳಿ ಹೊತ್ಕೊಂಡೇ ಬಂದ, ಚಳ್ಳಕೆರೆ ಕಂಬಳಿ ಗೊತ್ತಲ್ಲ ನಿಮಗೆ, ಮಂದ. ಒಂದೇ ಪದರ ಸೆನ್ಸರ್ ಮೇಲೆ ಇಟ್ರೆ ಡಬ್ಬದೊಳಗಿನ ಕತ್ತಲೆ ರೀಡಿಂಗೇ ಬಂತು, ಒಂದು ಮೆಟ್ಟಿಲೂ ಮೇಲೆ ಹೋಗಲಿಲ್ಲ. ಪಕ್ಕದಲ್ಲಿ ಹಳೇ ಬಿಳಿ ಪಂಚೆ ತುಂಡು ಇಟ್ರೆ ಬಯಲಿನ ರೀಡಿಂಗಲ್ಲಿ ಐದರಲ್ಲಿ ಒಂದು ಪಾಲು ಒಳಗೆ ಬರ್ತಿತ್ತು. ಒಬ್ಬಳು ಅದನ್ನ ನೀರಲ್ಲಿ ಅದ್ದಿ ಹಿಂಡಿ ಇಟ್ಟಳು, ಇನ್ನೂ ಜಾಸ್ತಿ ಬಂತು, ಒದ್ದೆ ಬಟ್ಟೆ ತಂಪು ಕೊಟ್ರೂ ಯುವಿನ ಹೆಚ್ಚು ಬಿಡುತ್ತೆ ಅಂತ ನನಗೂ ಆವತ್ತೇ ಗೊತ್ತಾಗಿದ್ದು. ಆ ಹುಡುಗ ಮೂರೂ ನಂಬರ್ ಅಂಗೈ ಮೇಲೆ ಬರ್ಕೊಂಡು ಮನೆಗೆ ಹೋದ.

ಇಡೀ ದಿನದ ಗ್ರಾಫೂ ಹಾಕಿದ್ವಿ, ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಹತ್ತು ನಿಮಿಷಕ್ಕೊಂದು ರೀಡಿಂಗ್, ಸರದಿ ಮೇಲೆ ಇಬ್ಬಿಬ್ಬರು. ತುದಿ 12ಕ್ಕೆ ಬರುತ್ತೆ ಅಂತ ಎಲ್ಲರೂ ಕಾಯ್ತಿದ್ರು, ಅದು ಬಂದಿದ್ದು 12.30 ದಾಟಿದ ಮೇಲೆ. ಇದು ಸರಿನಾ?

ಲೆಕ್ಚರರ್ ಪುತ್ತೂರು

ಬಹಳ ಖುಷಿ ಆಯ್ತು ಮೇಡಂ. 12.30 ದಾಟಿದ್ದು ಸರಿಯೇ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನೀವಿರುವುದು ಹೆಚ್ಚುಕಮ್ಮಿ 76.6ರಲ್ಲಿ, ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 23 ನಿಮಿಷ ತಡ. ಅದರ ಮೇಲೆ ಫೆಬ್ರವರಿ ಕೊನೆಗೆ ಸೂರ್ಯ ಗಡಿಯಾರಕ್ಕಿಂತ ಇನ್ನೂ 13 ನಿಮಿಷದಷ್ಟು ಹಿಂದಿರ್ತಾನೆ. ಎರಡೂ ಸೇರಿ ಅಲ್ಲಿ ನಡು ಮಧ್ಯಾಹ್ನ ಅಂದ್ರೆ 12.36ರ ಸುಮಾರು. ಗಡಿಯಾರ ನೋಡದೆ ನಿಮ್ಮ ಮಕ್ಕಳು ಅದನ್ನ ಹಿಡಿದಿದ್ದಾರೆ.

ಸೂರ್ಯ ನಿಮ್ಮೂರಿನ ನೆತ್ತಿ ಮೇಲೆ ಬರುವುದು ಏಪ್ರಿಲ್ ಕೊನೆಗೆ, ಆಗ ಶಾಲೆಗೆ ರಜೆ. ಎರಡನೇ ಸಲ ಬರುವುದು ಆಗಸ್ಟ್ 14ರ ಆಸುಪಾಸು. ಮೋಡ ಇಲ್ಲದ ದಿನ ಸಿಕ್ಕಿದ್ರೆ ಇದೇ ಸೆನ್ಸರ್, ಇದೇ ಟೇಪ್, ಇದೇ ಜಾಗದಲ್ಲಿ ಇನ್ನೊಂದು ಗ್ರಾಫ್ ಹಾಕಿಸಿ. ಈ ಗ್ರಾಫ್ ಹಾಳೆ ಜೋಪಾನವಾಗಿ ಇಟ್ಟಿರಿ.

ಚಳ್ಳಕೆರೆ ಮಿಸ್

ಪ್ಲಾಸ್ಟಿಕ್ ಕವರಲ್ಲಿ ಹಾಕಿ ಲ್ಯಾಬ್ ಬೀರುವಲ್ಲಿ ಇಟ್ಟಿದೀನಿ ಸರ್, ಸೆನ್ಸರ್ ಮೇಲಿನ ಟೇಪೂ ತೆಗೆದಿಲ್ಲ. ಆಗ ಇವರು ಹತ್ತನೇ ಕ್ಲಾಸಲ್ಲಿ ಇರ್ತಾರೆ, ಅವರ ಕೈಲೇ ಮಾಡಿಸ್ತೀನಿ.